ತಪ್ಪೆಲ್ಲಾ ಸಿಸ್ಟರ್‌ದು

ಹಲ್ಲಿನ ಡಾಕ್ಟರ ಕುರ್ಚಿಯ ಬಲಗಡೆ ಡಾಕ್ಟರು ಕೂರುತ್ತಾರೆ, ಎಡಗಡೆ ನಾನು ನಿಲ್ಲುತ್ತೇನೆ, ನಡುವೆ ಬಾಯಿ ತೆಗೆದುಕೊಂಡು ಪೇಷಂಟು ಮಲಗಿರುತ್ತಾರೆ. ಆದೋನಿಯ ಈ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ದಿನಕ್ಕೊಂದಾದರೂ ನಗೆಪಾಟಲಿನ ಪ್ರಸಂಗ ನಡೆದೇ ನಡೆಯುತ್ತದೆ. ನಡೆಯದಿದ್ದರೆ ಅವತ್ತು ಭಾನುವಾರ ಅಂತ ತಿಳಿಯಬೇಕು. ಕೇಳಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ನನಗೂ ನಗು ಬರುತ್ತದೆ, ಆದರೆ ಒಂದು ವಾರ ತಡವಾಗಿ. ಮೊದಲು ಬರುವುದು ಸಿಟ್ಟು.

ಯಾಕೆ ಸಿಟ್ಟು ಅಂದರೆ, ಇಲ್ಲಿ ಕೆಲಸ ಚೆನ್ನಾಗಿ ಆದರೆ ಅದು ಡಾಕ್ಟರ ಕೈಗುಣ. ಕೆಟ್ಟರೆ ಅದು ಸಿಸ್ಟರ್ ತಪ್ಪು. ಆ ಸಿಸ್ಟರ್ ನಾನೇ. ಒಳಗಿನ ಕೋಣೆಗೂ ಹೊರಗಿನ ಹಾಲಿಗೂ ನಡುವೆ ಇರುವುದು ತೆಳ್ಳಗಿನ ಪ್ಲೈವುಡ್ಡು. ಡಾಕ್ಟರು ಬೈದದ್ದು ಹಾಲಿನಲ್ಲಿ ಕೂತ ಹತ್ತು ಜನಕ್ಕೆ ಕೇಳುತ್ತದೆ, ಸಂಜೆಯೊಳಗೆ ಅರ್ಧ ಊರಿಗೆ. ತರಕಾರಿ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ, 'ದಿನಾ ಬೈಸಿಕೊಳ್ಳೋ ಸಿಸ್ಟರ್ ನೀನೇ ಅಲ್ಲವೇನಮ್ಮ?' ಅಂತ ಕೇಳಿದವರಿದ್ದಾರೆ. ನನಗೆ ಬೇರೇನೂ ಬೇಡ. ನಾಲ್ಕು ಜನ ಕೇಳುವ ಹಾಗೆ, ಜೀವನದಲ್ಲಿ ಒಂದೇ ಒಂದು ಸಲ, ಡಾಕ್ಟರು 'ತಪ್ಪು ನಂದು' ಅನ್ನಬೇಕು. ಇಷ್ಟೇ ನನ್ನ ಆಸೆ.

೧. ಅದು

ನಮ್ಮ ಡಾಕ್ಟರಿಗೆ ಒಂದು ಅಭ್ಯಾಸ. ಪೇಷಂಟಿನ ಬಾಯಿಂದ ಕಣ್ಣು ತೆಗೆಯದೆ ಕೈಯನ್ನು ನನ್ನ ಕಡೆ ಚಾಚಿ, "ಅದು ಕೊಡು" ಅನ್ನುತ್ತಾರೆ. ಕನ್ನಡಿಯೂ ಅದು, ಇಕ್ಕಳವೂ ಅದು, ಹತ್ತಿಯೂ ಅದು, ಸೂಜಿಯೂ ಅದು. ಯಾವ ಅದು ಅಂತ ಕೇಳುವ ಹಾಗಿಲ್ಲ. ಕೇಳಿದರೆ, "ಇಷ್ಟು ವರ್ಷ ಆತು, ಇನ್ನ ತಿಳಿಯಂಗಿಲ್ಲೇನಮ್ಮಾ?" ಅಂತ ಶುರು.

ಡಾಕ್ಟರ ಭುಜ ಎಷ್ಟು ಮೇಲೆದ್ದಿದೆ, ಉಸಿರು ಹೇಗಿದೆ ಅಂತ ನೋಡಿ ಕೊಡುವುದನ್ನು ನಾನು ಕಲಿತಿದ್ದೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತದೆ. ಆ ಒಂಬತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತನೆಯದು ಹಾಲಿಗೆಲ್ಲ ಕೇಳುತ್ತದೆ.

ಒಮ್ಮೆ ನನಗೆ ಜ್ವರ. ಎರಡು ದಿನ ರಜೆ ಹಾಕಿದೆ. ಬೇರೆ ಯಾರೂ ಸಿಗಲಿಲ್ಲ ಅಂತ ಡಾಕ್ಟರ ಹೆಂಡತಿಯೇ ಬಂದು ನನ್ನ ಜಾಗದಲ್ಲಿ ನಿಂತರಂತೆ. ಡಾಕ್ಟರು ವಾಡಿಕೆಯಂತೆ ಕೈ ಚಾಚಿ, "ಅದು ಕೊಡು" ಅಂದರು. ಅಮ್ಮಾವರು, "ಯಾವುದದು? ಬಾಯಿಬಿಟ್ಟು ಹೆಸರು ಹೇಳ್ರಿ. ಮನ್ಯಾಗ ಇದ್ದಂಗ ಇಲ್ಲೂ ಅದು ಇದು ಅಂದ್ರ ನಾ ಹೊಂಟೆ" ಅಂದರಂತೆ. ಆಮೇಲೆ ಡಾಕ್ಟರು ಒಂದೊಂದನ್ನೂ ಹೆಸರು ಹಿಡಿದು, ಮೆಲ್ಲಗೆ, ಮರ್ಯಾದೆಯಿಂದ ಕೇಳಿದರಂತೆ. ಎರಡೂ ದಿನ ಒಂದು ಬೈಗುಳವಿಲ್ಲ.

ಮೂರನೇ ದಿನ ನಾನು ಬಂದಾಗ ಹಾಲಿನಲ್ಲಿದ್ದ ಹಳೆಯ ಪೇಷಂಟೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಕ್ಕಾ, ಜ್ವರ ಬಂದಿದ್ದು ನಿನಗೋ, ಡಾಕ್ಟ್ರಿಗೋ? ಎರಡು ದಿನ ಮನುಷ್ಯ ದನಿನ ಎತ್ತಲಿಲ್ಲ."

೨. ಹಿಟ್ಟು

ಹಲ್ಲಿನ ಸೆಟ್ಟು ಕಟ್ಟುವ ಮೊದಲು ದವಡೆಯ ಅಚ್ಚು ತೆಗೆಯಬೇಕು. ಅದಕ್ಕೆ ಒಂದು ಪುಡಿ. ರಬ್ಬರ್ ಬಟ್ಟಲಿನಲ್ಲಿ ನೀರು ಹಾಕಿ ಗರಗರ ಕಲಸಿ, ಗಟ್ಟಿಯಾಗುವ ಮೊದಲು ಬಾಯೊಳಗೆ ಇಡಬೇಕು. ನೀರು ತಣ್ಣಗಿದ್ದರೆ ಎರಡು ನಿಮಿಷ ಗಟ್ಟಿಯಾಗದೆ ಇರುತ್ತದೆ. ನಮ್ಮೂರ ಮೇ ತಿಂಗಳಲ್ಲಿ ನಲ್ಲಿ ತಿರುವಿದರೆ ಚಹಾಪುಡಿ ಹಾಕಿಕೊಂಡು ಕುಡಿಯಬಹುದು, ಅಂಥ ನೀರು. ಅದಕ್ಕೇ ನಾನು ಮನೆಯಿಂದ ಬಾಟಲಿಯಲ್ಲಿ ಐಸ್ ತರುತ್ತೇನೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

ಅವತ್ತು ನಂದವರಂ ಕಡೆಯ ಒಬ್ಬ ಮುದುಕಪ್ಪ ಸೆಟ್ಟು ಕಟ್ಟಿಸಲು ಬಂದಿದ್ದ. ಜೊತೆಗೆ ಹೆಂಡತಿ, ಗಟ್ಟಿಗಿತ್ತಿ ಮುದುಕಿ. ನಾನು ಐಸ್ ನೀರಲ್ಲಿ ಕಲಸಿ ಅಚ್ಚಿನ ತಟ್ಟೆಯಲ್ಲಿ ತುಂಬಿ ಡಾಕ್ಟರ ಕೈಗೆ ಕೊಡುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಅತ್ತಕಡೆ ಭಾವಮೈದುನ. ಯಾವುದೋ ಮದುವೆಗೆ ಹೋಗುವ ಕಾರಿನಲ್ಲಿ ಮುಂದಿನ ಸೀಟು ಯಾರಿಗೆ ಅನ್ನುವ ಮಾತು. ಮುಂದಿನ ಸೀಟು ತೀರ್ಮಾನವಾಗುವಷ್ಟರಲ್ಲಿ ತಟ್ಟೆಯಲ್ಲಿದ್ದದ್ದು ಇಟ್ಟಿಗೆಯಾಯಿತು.

"ಏನಮ್ಮಾ ಸಿಸ್ಟರ್, ಕಲಸಾಕ ಬರಂಗಿಲ್ಲೇನು?" ಅಂದರು ಡಾಕ್ಟರು.

ಎರಡನೇ ಸಲ ಕಲಸಿದೆ. ಹಿಂದಿನ ಸೀಟಿನವರಿಗೆ ಸಿಟ್ಟು ಬಂದು ಅವರು ಫೋನ್ ಮಾಡಿದರು. ಮತ್ತೆ ಇಟ್ಟಿಗೆ. "ಸಿಸ್ಟರ್‌ಗೆ ಇವತ್ತು ಕೈನ ಬರವಲ್ದು ರೀ. ಏನನ್ಕೋಬ್ಯಾಡ್ರಿ" ಅಂತ ಮುದುಕಪ್ಪನಿಗೆ ಸಮಾಧಾನ ಬೇರೆ. ಇನ್ನೊಂದು ಮಾತು ಆಡಿದ್ದರೆ ಬಟ್ಟಲನ್ನು ಅವರ ತಲೆಗೇ ಕವುಚುತ್ತಿದ್ದೆ. ಆ ಪುಡಿ ಕೂದಲಿಗೆ ಹತ್ತಿದರೆ ಬಿಡುವುದಿಲ್ಲ.

ಮುದುಕಿ ಎದ್ದು ಬಂದಳು. "ತಾರವ್ವ ಇಲ್ಲಿ. ಐವತ್ತು ವರ್ಷ ರೊಟ್ಟಿ ಹಿಟ್ಟು ನಾದೀನಿ" ಅಂತ ಬಟ್ಟಲು ಕಸಿದುಕೊಂಡಳು. ನಿಜ ಹೇಳಬೇಕು, ಏನು ಕಲಸಿದಳು! ಒಂದು ಗಂಟಿಲ್ಲ. ತಟ್ಟೆಗೆ ತುಂಬಿ ಡಾಕ್ಟರ ಮುಂದೆ ಹಿಡಿದಳು. ಅಷ್ಟರಲ್ಲಿ ಕಾರಿನ ಡ್ರೈವರ್ ಫೋನ್ ಮಾಡಿದ. ಡಾಕ್ಟರು ಒಂದು ಬೆರಳೆತ್ತಿ, "ಒಂದ ನಿಮಿಷ" ಅಂದರು.

ಮುದುಕಿ ತಟ್ಟೆಯನ್ನು ಕುರ್ಚಿಯ ಕೈ ಮೇಲೆ ಟಪ್ಪಂತ ಕುಕ್ಕಿದಳು. "ಫೋನ್ ಇಡಪ್ಪ ಕೆಳಗ! ಹೆಂಚಿನ ಮ್ಯಾಲ ರೊಟ್ಟಿ ಹಾಕಿ ಯಾವ ಹೆಂಗಸಾದ್ರೂ ಫೋನಿನ್ಯಾಗ ಮಾತಾಡ್ತಾಳೇನು? ಕಲಸಿದವರನ್ನ ಬೈತಿ. ಸುಡೋ ಕೆಲಸ ನಿಂದು!"

ಡಾಕ್ಟರು ಫೋನ್ ಜೇಬಿಗೆ ಹಾಕಿಕೊಂಡರು. ನಾಲ್ಕನೇ ಸಲ ಅಚ್ಚು ಸರಿಯಾಗಿ ಬಂತು. 'ತಪ್ಪು ನಂದು' ಅಂತಾರೇನೋ ಅಂತ ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಅವರು ಕೈ ತೊಳೆಯುತ್ತಾ ಹೇಳಿದ್ದು: "ಆ ಅಜ್ಜಿಯ ಕಡಿಂದ ಕಲಸೋದು ಕಲಿತುಕೋ ಸಿಸ್ಟರ್."

೩. ಗುಟ್ಟಿನ ಭಾಷೆ

ಪೇಷಂಟಿನ ಎದುರು ಪೇಷಂಟಿನ ಬಗ್ಗೆಯೇ ಮಾತಾಡುವ ಪ್ರಸಂಗ ಬರುತ್ತದೆ. ಅದಕ್ಕೆ ಡಾಕ್ಟರು ಒಂದು ಏರ್ಪಾಡು ಮಾಡಿದ್ದರು. ಪೇಷಂಟು ತೆಲುಗಿನವರಾದರೆ ನಾವಿಬ್ಬರೂ ಕನ್ನಡ ಮಾತಾಡುವುದು, ಕನ್ನಡದವರಾದರೆ ತೆಲುಗು. ಈ ಗಡಿಯೂರಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಇಂಥ ಐಡಿಯಾ ಹೇಗೆ ಬಂತೋ ದೇವರೇ ಬಲ್ಲ. ಇಲ್ಲಿ ಸೊಪ್ಪು ಮಾರುವವಳು ಕನ್ನಡದಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಇಳಿಸಿ, ಉರ್ದುವಿನಲ್ಲಿ ಬೈದು ಕಳಿಸುತ್ತಾಳೆ.

ಒಬ್ಬ ಬಸ್ ಕಂಡಕ್ಟರ್ ಬಂದಿದ್ದ. ಅಚ್ಚ ತೆಲುಗು. ಡಾಕ್ಟರು ಅವನ ಜೊತೆ ತೆಲುಗಿನಲ್ಲಿ ಚೆನ್ನಾಗಿಯೇ ಮಾತಾಡಿ, ಬಾಯಿ ತೆಗೆಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಈತನ ಬಾಯಿ ಭಾಳ ವಾಸನಿ ಐತಿ. ನೋಡಿದ್ರ ಕಚ್ಚೋ ಪೈಕಿ ಕಾಣ್ತಾನ. ದವಡಿ ಗಟ್ಟಿ ಹಿಡಿ" ಅಂದರು. ಅವನು ಸುಮ್ಮನೆ ಮಲಗಿದ್ದ. ಹಲ್ಲಿನ ತೂತು ತುಂಬಿ ಮುಗಿಸಿದ ಮೇಲೆ ಎದ್ದು ಕೂತು, ಬಾಯಿ ಒರೆಸಿಕೊಂಡು, ನಮಗಿಂತ ಚೆಂದದ ಕನ್ನಡದಲ್ಲಿ ಹೇಳಿದ:

"ವಾಸನಿ ಐತಿ ಅಂತ ನನ್ನ ಹೆಂಡತಿನೂ ಹೇಳ್ತಾಳ ಸಾರ್, ಅದನ್ನ ಒಪ್ತೀನಿ. ಕಚ್ಚತೀನಿ ಅಂತ ಮಾತ್ರ ಇಲ್ಲೀವರೆಗೂ ಯಾರೂ ಅಂದಿದ್ದಿಲ್ಲ."

ಡಾಕ್ಟರು ಕಣ್ಣು ಮಿಟುಕಿಸದೆ, "ಅದು ಸಿಸ್ಟರ್ ಹೇಳಿದ್ದು" ಅಂದುಬಿಟ್ಟರು! ಎದುರಿಗೇ ಮಲಗಿ ಕೇಳಿದವನಿಗೆ! ಕಂಡಕ್ಟರ್ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಅವನಿಗೇ ನನ್ನ ಮೇಲೆ ಕನಿಕರ ಬಂತು.

ಮರುದಿನದಿಂದ ಡಾಕ್ಟರು ಗುಟ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದರು. ಅದು ಪೇಷಂಟಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ತಿಳಿಯದೇ ಹೋದದ್ದು ಸಿಸ್ಟರ್ ತಪ್ಪು.

೪. ಬೀಗತಿ ಆಗಬೇಕಾದವರು

ಇಲ್ಲಿಯವರೆಗೆ ಹೇಳಿದ್ದಕ್ಕೆ ನೀವು ನಕ್ಕರೆ ನನ್ನ ಅಭ್ಯಂತರವಿಲ್ಲ. ಇದಕ್ಕೆ ನಗಬೇಡಿ.

ನನಗೆ ಒಬ್ಬಳೇ ಮಗಳು. ಮನೆಯವರು ತೀರಿಕೊಂಡ ಮೇಲೆ ಈ ಕುರ್ಚಿಯ ಪಕ್ಕ ನಿಂತೇ ಅವಳನ್ನು ಓದಿಸಿದೆ. ಈಗ ಸ್ಕೂಲಿನಲ್ಲಿ ಟೀಚರು. ಸಿ. ಬೆಳಗಲ್ಲು ಅನ್ನುವ ಊರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಸರಕಾರಿ ಕೆಲಸ. ಫೋಟೋ ಹೋಯಿತು, ಜಾತಕ ಹೋಯಿತು, 'ಬಂದು ನೋಡ್ತೀವಿ' ಅಂತ ಮಾತೂ ಬಂತು. ಅಷ್ಟರಲ್ಲಿ ಹುಡುಗನ ತಾಯಿಗೆ ಹಲ್ಲುನೋವು ಬಂತು. ಮಗಳನ್ನು ನೋಡುವ ಮೊದಲು ನಮ್ಮ ಕ್ಲಿನಿಕ್ಕನ್ನು ನೋಡಲು ಬಂದರು.

ನಾನು ಎಂದಿಗಿಂತ ಜಾಸ್ತಿ ಚೊಕ್ಕಟವಾಗಿ ತಟ್ಟೆ ಜೋಡಿಸಿದೆ. ಬಾಯಿಗೆ ಮಾಸ್ಕ್ ಇದ್ದರೂ ಒಳಗೆ ನಗುತ್ತಲೇ ಇದ್ದೆ. ಆ ತಾಯಿ ಕುರ್ಚಿಯಲ್ಲಿ ಮಲಗಿ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಿದ್ದರು. ಹಲ್ಲಿನ ಬೇರಿಗೆ ಚಿಕಿತ್ಸೆ ಆಗಬೇಕು, ಮೂರು ಸಲ ಬರಬೇಕು ಅಂದರು ಡಾಕ್ಟರು. ಅದನ್ನು ಹೇಳುತ್ತಾ ಜೋರಾಗಿ ಕೈ ಆಡಿಸಿದರು. ಮೊಣಕೈ ತಟ್ಟೆಗೆ ಬಡಿಯಿತು. ಇಕ್ಕಳ, ಕನ್ನಡಿ, ಸೂಜಿ, ಎಲ್ಲವೂ ಗಣಗಣ ಅಂತ ನೆಲಕ್ಕೆ.

ನಾನು ತಟ್ಟೆಯಿಂದ ಎರಡು ಮಾರು ದೂರ ಇದ್ದೆ, ಕೈ ತೊಳೆಯುತ್ತಿದ್ದೆ.

"ಕಣ್ಣು ಎಲ್ಲಿ ಇಟ್ಟೀಯಮ್ಮಾ ಸಿಸ್ಟರ್!" ಅಂತ ಡಾಕ್ಟರು ಕೂಗಿದರು. "ಒಂದು ತಟ್ಟೆ ನೆಟ್ಟಗ ಇಡಾಕ ಬರಂಗಿಲ್ಲ! ಮನ್ಯಾಗೂ ಹಿಂಗ ಮಾಡ್ತೀಯೇನು?"

ಮನೆಯಲ್ಲೂ ಹೀಗೇ ಮಾಡ್ತೀಯೇನು! ಬೀಗತಿ ಆಗಬೇಕಾದವರ ಎದುರಿಗೆ! ನನ್ನ ಕಣ್ಣಲ್ಲಿ ನೀರೇ ಬಂತು. ಸುಮ್ಮನೆ ಬಗ್ಗಿ ಒಂದೊಂದಾಗಿ ಆಯ್ದುಕೊಂಡೆ. ಆ ತಾಯಿ ಅವತ್ತಿನ ಕೆಲಸ ಮುಗಿಸಿಕೊಂಡು ಹೋದರು. ಆಮೇಲೆ ಸಿ. ಬೆಳಗಲ್ಲಿನಿಂದ ಫೋನಿಲ್ಲ. ಒಂದು ವಾರವಾಯಿತು, ಎರಡಾಯಿತು. ಅವರು ಎರಡನೇ ಸಲ ಚಿಕಿತ್ಸೆಗೆ ಬಂದರು. ಬಾಯಿ ತೆಗೆದರು, ಮುಚ್ಚಿದರು, ಹೋದರು. ಸಂಬಂಧದ ಮಾತಿಲ್ಲ.

ನಾನು ತಡೆಯಲಾರದೆ ಡಾಕ್ಟರಿಗೆ ಹೇಳಿದೆ. "ಸಾರ್, ನಿಮ್ಮ ಬಾಯಿಂದ ನನ್ನ ಮಗಳ ಮದುವಿ ನಿಂತೈತಿ. ಅವರು ಮೂರನೇ ಸರ್ತಿ ಬಂದಾಗ, ತಟ್ಟೆ ಬೀಳಿಸಿದ್ದು ನಾನ, ತಪ್ಪು ನಂದು ಅಂತ ಒಂದು ಮಾತು ಹೇಳ್ರಿ. ಇಲ್ಲಾಂದ್ರ ನಾಳೆಯಿಂದ ಎಡಗಡೆ ಬ್ಯಾರೆ ಯಾರನ್ನಾದ್ರೂ ನಿಲ್ಲಿಸಿಕೊಳ್ರಿ."

ಡಾಕ್ಟರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. ಆಮೇಲೆ ಗಂಭೀರವಾಗಿ ಅಂದರು: "ಹೇಳ್ತೀನಮ್ಮಾ. ಆದ್ರ ತಟ್ಟಿ ಅಲ್ಲಿ ಇಟ್ಟಿದ್ದು ಯಾರು?"

೫. ಏಕಾದಶಿ

ಆ ತಾಯಿ ಮೂರನೇ ಸಲ ಬಂದದ್ದು ಏಕಾದಶಿಯ ದಿನ. ಹಲ್ಲಿಗೆ ಕ್ಯಾಪ್ ಕೂರಿಸುವುದು ಬಾಕಿ. ಬೆಳಿಗ್ಗೆಯೇ ಬಂದು ಹಾಲಿನಲ್ಲಿ ಕೂತರು. ಅವರಿಗಿಂತ ಮೊದಲು ಮಂತ್ರಾಲಯದಿಂದ ಬಂದ ವಯಸ್ಸಾದ ಒಬ್ಬ ಆಚಾರ್ಯರ ಸರದಿ.

ಆಚಾರ್ಯರ ಕೆನ್ನೆ ಬೂದುಗುಂಬಳದ ಹಾಗೆ ಊದಿತ್ತು. ನೋವಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, ನಾಳೆಯವರೆಗೆ ತಡೆಯುವ ಹಾಗಿಲ್ಲ. ಆದರೆ ನಿರ್ಜಲ ಉಪವಾಸ. "ಸೂಜಿ ಹಾಕ್ರಿ, ಕೊರೀರಿ, ಏನ ಬೇಕಾದ್ರೂ ಮಾಡ್ರಿ. ಒಂದು ಹನಿ ನೀರು ಮಾತ್ರ ಗಂಟಲದಾಗ ಇಳೀಬಾರದು" ಅಂದರು. ಬಾಯಿ ಮುಕ್ಕಳಿಸಲು ನಮ್ಮ ಕ್ಲಿನಿಕ್ಕಿನ ಲೋಟ ಮುಟ್ಟುವುದಿಲ್ಲ ಅಂತ ಮನೆಯಿಂದಲೇ ಒಂದು ಬೆಳ್ಳಿ ಪಂಚಪಾತ್ರೆ, ಒಂದು ಕ್ಯಾನ್ ನೀರು ತಂದಿದ್ದರು.

ಹಲ್ಲು ಕೊರೆಯುವ ಮಿಷನ್ನು ಸುಮ್ಮನೆ ಕೊರೆಯುವುದಿಲ್ಲ. ಹಲ್ಲು ಕಾಯಬಾರದು ಅಂತ ಜೊತೆಗೇ ಚಿರ್ರಂತ ನೀರು ಚಿಮ್ಮುತ್ತದೆ. ಆ ನೀರನ್ನು ಪೈಪಿನಿಂದ ಎಳೆದುಕೊಳ್ಳುವುದು ನನ್ನ ಕೆಲಸ. ಡಾಕ್ಟರು ಆಚಾರ್ಯರಿಗೆ ಧೈರ್ಯ ಹೇಳಿದರು: "ಚಿಂತಿ ಮಾಡಬ್ಯಾಡ್ರಿ ಸ್ವಾಮಿ. ನೀರು ಎಳಿಯೋದು ನಮ್ಮ ಸಿಸ್ಟರ್ ಕೆಲಸ. ಒಂದು ಹನಿ ಹೋದ್ರೂ ಪಾಪ ಆಕಿದು."

ಉಪವಾಸ ಅವರದು, ಮಿಷನ್ನು ಇವರದು, ಪಾಪ ನನ್ನದು! ಇಷ್ಟು ದಿನ ಈ ಲೋಕದ ತಪ್ಪೆಲ್ಲ ನನ್ನ ತಲೆಗೆ ಕಟ್ಟಿದ್ದು ಸಾಲದೆ ಈಗ ಮೇಲಿನ ಲೋಕದ್ದೂ ಶುರುವಾಯಿತು. ಹಲ್ಲು ಕಚ್ಚಿಕೊಂಡು ಪೈಪು ಹಿಡಿದೆ. ಮುಕ್ಕಾಲು ಗಂಟೆ. ನಾಲಿಗೆಯ ಕೆಳಗೆ, ಕೆನ್ನೆಯ ಸಂದಿನಲ್ಲಿ, ಕಿರುನಾಲಿಗೆಯ ಮುಂದೆ, ನೀರು ಬೀಳುವುದಕ್ಕೆ ಮೊದಲೇ ಪೈಪು ಅಲ್ಲಿರುತ್ತಿತ್ತು. ಕೈ ಜೋಮು ಹಿಡಿದು, ಕುತ್ತಿಗೆ ಕಲ್ಲಾಯಿತು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಅಂಥ ಕೆಲಸ ಮಾಡಿಲ್ಲ. ಒಂದು ಹನಿ ಒಳಗೆ ಹೋಗಲಿಲ್ಲ.

ಕೆಲಸ ಮುಗಿಯಿತು. ಆಚಾರ್ಯರು ಎದ್ದು ಕೂತರು. ನಾನು ಪೈಪು ಗೂಟಕ್ಕೆ ಹಾಕಲು ತಿರುಗಿದೆ. ಅಷ್ಟರಲ್ಲಿ ಡಾಕ್ಟರು ಪಂಚಪಾತ್ರೆಗೆ ನೀರು ತುಂಬಿ, "ಮುಕ್ಕಳಿಸಿ ಉಗುಳ್ರಿ" ಅನ್ನುತ್ತಾ ತಾವೇ ಅವರ ಕೈಗೆ ಕೊಟ್ಟರು.

ಅರವತ್ತು ವರ್ಷದಿಂದ ದಿನಾ ಮೂರು ಹೊತ್ತು ಸಂಧ್ಯಾವಂದನೆಗೆ ಆ ಪಾತ್ರೆ ಹಿಡಿದ ಕೈ ಅದು. ಸೂಜಿಯ ಅಮಲು, ನಿದ್ದೆಯಿಲ್ಲದ ಕಣ್ಣು. ಪಾತ್ರೆ ಎಡಗೈಗೆ ಬಂದದ್ದೇ ತಡ, ಬಲಗೈ ತಾನಾಗಿ ಬಟ್ಟಲಾಯಿತು. "ಕೇಶವಾಯ ಸ್ವಾಹಾ" ಅಂತ ಒಂದು ಗುಟುಕು. "ನಾರಾಯಣಾಯ ಸ್ವಾಹಾ" ಅಂತ ಇನ್ನೊಂದು. ನಾನು ತಿರುಗಿ ನೋಡುವಷ್ಟರಲ್ಲಿ ಮಾಧವನೂ ಒಳಗೆ ಹೋಗಿದ್ದ.

"ಸಿಸ್ಟರ್!" ಅಂತ ಡಾಕ್ಟರು ಕಿರುಚಿದ್ದು ಬೀದಿಯವರೆಗೆ ಕೇಳಿರಬೇಕು. "ಏನು ಮಾಡ್ತಿದ್ದಿ? ನೀರು ಯಾಕ ಕೊಟ್ಟಿ? ಸ್ವಾಮಿಗಳ ಉಪವಾಸ ಕೆಡಿಸಿಬಿಟ್ಟಿ!"

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಆಚಾರ್ಯರು ಕೈಯೆತ್ತಿದರು. ಡಾಕ್ಟರನ್ನೇ ನೋಡುತ್ತಾ, ನಿಧಾನವಾಗಿ ಕೇಳಿದರು: "ಈ ನೀರು ನನಗ ಕೊಟ್ಟವರು ಯಾರು?"

ಡಾಕ್ಟರು ನನ್ನ ಕಡೆ ನೋಡಿದರು, ಆಚಾರ್ಯರ ಕಡೆ ನೋಡಿದರು, ಗೋಡೆಯ ಮೇಲಿದ್ದ ದೇವರ ಫೋಟೋದ ಕಡೆ ನೋಡಿದರು. ಹಣೆಯ ಮೇಲೆ ಬೆವರು. ಮನುಷ್ಯನಿಗೆ ಪೇಷಂಟಿನ ಹೆದರಿಕೆಯಿಲ್ಲ, ಪಾಪದ ಹೆದರಿಕೆ ಇದೆ ಅಂತ ಅವತ್ತು ಗೊತ್ತಾಯಿತು. ಕೈ ಜೋಡಿಸಿ ಅಂದರು: "ನಾನ ಕೊಟ್ಟೆ ಸ್ವಾಮಿ. ತಪ್ಪು ನಂದು. ಸಿಸ್ಟರ್‌ದು ಏನೂ ತಪ್ಪಿಲ್ಲ. ಸುಮ್ಮನ ಬೈದೆ."

ತಪ್ಪು ನಂದು! ಪ್ಲೈವುಡ್ಡಿನ ಆಚೆ ಹತ್ತು ಜನ ಕೇಳಿಸಿಕೊಂಡರು. ಸಿ. ಬೆಳಗಲ್ಲಿನ ತಾಯಿಯೂ ಕೇಳಿಸಿಕೊಂಡರು.

"ತಪ್ಪು ಎಲ್ಲಿ ಬಂತು?" ಅಂದರು ಆಚಾರ್ಯರು. "ಉದ್ದಿನಕಾಳು ಮುಳುಗುವಷ್ಟು ನೀರು. ಆಚಮನದಿಂದ ಉಪವಾಸ ಕೆಡೂದಿಲ್ಲ. ಭಾಳ ಹೊತ್ತಿನಿಂದ ಗಂಟಲು ಒಣಗಿತ್ತು, ಕೊಟ್ಟವರಿಗೆ ಆಶೀರ್ವಾದ ಮಾಡೂಣು ಅಂತ ಕೇಳಿದೆ." ಮಂತ್ರಾಕ್ಷತೆ ತೆಗೆದು ಡಾಕ್ಟರ ತಲೆಯ ಮೇಲೆ ಹಾಕಿದರು. ಡಾಕ್ಟರ ಬೆನ್ನು ಆಗಲೇ ನೆಟ್ಟಗಾಗಿತ್ತು. "ಹಂಗಾರ ತಪ್ಪ ಆಗಿಲ್ಲ ನೋಡಮ್ಮಾ" ಅಂತ ನನಗೆ ಹೇಳಿದರು. ಹನ್ನೊಂದು ವರ್ಷದಲ್ಲಿ ಒಮ್ಮೆ ಒಪ್ಪಿಕೊಂಡರು, ಅದೂ ತಪ್ಪಲ್ಲದ ತಪ್ಪನ್ನು. ಪುಣ್ಯವೂ ಅವರಿಗೇ ಹೋಯಿತು.

ಆಚಾರ್ಯರನ್ನು ಬಾಗಿಲವರೆಗೆ ಕೈಹಿಡಿದು ಕರೆದುಕೊಂಡು ಹೋದೆ. ನನಗೂ ಒಂದು ಒಳ್ಳೆಯ ಮಾತು ಹೇಳುತ್ತಾರೆ ಅಂತ ಆಸೆ. ಅವರು ಬಗ್ಗಿ ನನ್ನ ಕಿವಿಯಲ್ಲಿ ಮೆಲ್ಲಗೆ ಅಂದರು: "ಅಷ್ಟು ಬಿಗಿಯಾಗಿ ಎಳೀಬಾರದವ್ವಾ ನೀನು. ಇಂಥಾ ಬ್ಯಾಸಗಿ. ನಾಕು ಹನಿ ತಾನಾಗೇ ಇಳದಿದ್ರ ನನಗೇನೂ ದೋಷ ಇರತಿದ್ದಿಲ್ಲ."

೬. ಕ್ಯಾಪು ಕೂರುವ ಹೊತ್ತು

ಮುಂದಿನ ಸರದಿ ಸಿ. ಬೆಳಗಲ್ಲಿನ ತಾಯಿಯದು. ಕುರ್ಚಿಗೆ ಬಂದು ಕೂತರು. ನಾನು ಕುತ್ತಿಗೆಗೆ ಟವೆಲ್ ಕಟ್ಟುತ್ತಿದ್ದರೆ ನನ್ನ ಕೈ ಹಿಡಿದುಕೊಂಡು ನಕ್ಕರು. "ಅಕ್ಕಾ, ನಮ್ಮ ಕಡಿಂದ ಒಪ್ಪಿಗಿ. ಮಗಳನ್ನ ನಮ್ಮ ಮನಿಗೆ ಕೊಡ್ರಿ."

ಖುಷಿಗೆ ನನಗೆ ನೆಲ ಕಾಣಲಿಲ್ಲ. ಕಣ್ಣು ಒರೆಸಿಕೊಂಡು, "ಡಾಕ್ಟ್ರು ಅಂದಿದ್ದು ಕೇಳಿಸ್ತಲ್ಲ ಅಕ್ಕಾರ? ತಪ್ಪು ನಂದಲ್ಲ ಅಂತ" ಅಂದೆ.

"ಕೇಳಿಸ್ತಲ್ಲ, ಅದಕ್ಕ ಒಪ್ಪಿದ್ದು. ಅವತ್ತು ತಟ್ಟಿ ಬೀಳಿಸಿದ್ದು ಡಾಕ್ಟ್ರ ಅಂತ ನಾ ಕಣ್ಣಾರೆ ನೋಡೀನಿ. ನೀವು ಒಂದು ಮಾತು ತಿರುಗಿ ಆಡಲಿಲ್ಲ. ಒಂದು ದಿನದ್ದೋ, ದಿನಾನೂ ಹಿಂಗೋ ಅಂತ ಅನುಮಾನ ಇತ್ತು. ಇವತ್ತು ಖಾತ್ರಿ ಆತು, ತಪ್ಪಿಲ್ಲದಿದ್ರೂ ಬೈಸಿಕೊಂಡು ಸುಮ್ಮನಿರೋರು ನೀವು. ನನ್ನ ಬಾಯಿ ಡಾಕ್ಟ್ರಿಗಿಂತ ಜೋರು ಅಕ್ಕಾ. ದೊಡ್ಡ ಮಗನ ಹೆಂಡತಿ ಆರು ತಿಂಗಳದಾಗ ಬ್ಯಾರೆ ಮನಿ ಮಾಡಿದ್ಳು. ಇಂಥಾ ತಾಯಿಯ ಮಗಳೇ ನಮಗ ಬೇಕು."

ಅಷ್ಟರಲ್ಲಿ ಡಾಕ್ಟರು ಕ್ಯಾಪಿನೊಳಗೆ ಸಿಮೆಂಟು ತುಂಬಿ, "ಬಾಯಿ, ಬಾಯಿ" ಅಂತ ಅವಸರ ಮಾಡಿದರು. ಸಿಮೆಂಟು ಕಾಯುವುದಿಲ್ಲ. ಆ ತಾಯಿ ಬಾಯಿ ತೆಗೆದರು. ಎರಡೂ ಕಡೆ ಹತ್ತಿ ತುರುಕಿ ಪೈಪು ಇಟ್ಟೆ. ಡಾಕ್ಟರು ಕ್ಯಾಪು ಕೂರಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಇನ್ನು ಮೂರು ನಿಮಿಷ ಅವರು ಬೆರಳು ತೆಗೆಯುವ ಹಾಗಿಲ್ಲ, ಆಕೆ ಬಾಯಿ ಮುಚ್ಚುವ ಹಾಗಿಲ್ಲ. ಇಂಥ ಹೊತ್ತು ಜೀವಮಾನದಲ್ಲಿ ಮತ್ತೆ ಸಿಗುವುದಿಲ್ಲ ಅನ್ನಿಸಿತು.

"ಅಕ್ಕಾರ, ಸುಮ್ಮನ ಕೇಳ್ರಿ" ಅಂದೆ. "ನಾ ಬೈಸಿಕೊಂಡಿದ್ದು ಹೊಟ್ಟಿಪಾಡಿಗೆ. ಮಗಳು ಯಾರ ಕೈಲೂ ಬೈಸಿಕೋಬಾರದು ಅಂತ ಬೈಸಿಕೊಂಡೆ. ಸೀರಿ ಕೊಡ್ತೀನಿ, ಪಾತ್ರಿ ಕೊಡ್ತೀನಿ, ಬೈಗುಳ ತಿನ್ನೋದನ್ನ ಬಳುವಳಿ ಕೊಡಂಗಿಲ್ಲ. ಆಕಿ ನಿಮ್ಮ ಮನಿಗೆ ಬರಂಗಿಲ್ಲ. ಬಂದಿದ್ರ ಆರು ತಿಂಗಳಲ್ಲ, ಆರು ದಿನದಾಗ ನೀವು ಬ್ಯಾರೆ ಮನಿ ಹುಡುಕ್ತಿದ್ರಿ. ಆಕಿಗೆ ಬಾಯಿ ಐತಿ, ನಾನ ಕಲಿಸೀನಿ!"

ಆಕೆ, "ಆಂ... ಆಂ..." ಅಂದರು. "ಅಲುಗಾಡಬ್ಯಾಡ್ರಿ, ಕ್ಯಾಪ್ ಸೊಟ್ಟ ಆಗ್ತೈತಿ" ಅಂತ ಹೇಳಿ ಡಾಕ್ಟರ ಕಡೆ ತಿರುಗಿದೆ. "ನೀವೂ ಕೇಳ್ರಿ ಸಾರ್. ನಿಮ್ಮ ಬೈಗುಳ ಕೇಳಿ ಹೆಣ್ಣು ಕೇಳಾಕ ಬರೋಹಂಗ ಆತು. ಇದಕ್ಕಿಂತ ಅವಮಾನ ಇನ್ನೇನೈತಿ? ಇನ್ನೊಮ್ಮೆ ನಿಮ್ಮ ತಪ್ಪು ನನ್ನ ತಲೀಗೆ ಕಟ್ಟಿದ್ರ, ಈ ಪೈಪು ನಿಮ್ಮ ಬಾಯಾಗ ಇಟ್ಟು ಹೋಗ್ತೀನಿ."

ಮೂರು ನಿಮಿಷ ಪೂರ್ತಿ ಬೈದೆ. ಸಿಮೆಂಟು ಗಟ್ಟಿಯಾಗಿ ಕೂತಿತು. ಆ ತಾಯಿ ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಧಡಧಡ ಹೋದರು. ಡಾಕ್ಟರು ಪೆಚ್ಚಾಗಿ ನಿಂತಿದ್ದರು. ಆಮೇಲೆ ಅವರಿಗೆ ಸಿಟ್ಟು ಏರಿತು.

"ಏನಮ್ಮಾ, ನಾನು ಅಷ್ಟು ಬೈತೀನೇನು? ಬಾ, ಜನರನ್ನ ಕೇಳೂಣು!" ಅಂತ ಬಾಗಿಲು ದೂಡಿಕೊಂಡು ಹಾಲಿಗೆ ಬಂದು ಕೇಳಿಯೇಬಿಟ್ಟರು. "ಏನ್ರಿ, ನಾನು ಸಿಸ್ಟರ್‌ನ ಬೈತೀನೇನ್ರಿ?"

ಎಲ್ಲರೂ ತಲೆ ತಗ್ಗಿಸಿದರು. ನಾಳೆ ಇದೇ ಕೈಗೆ ತಾನೇ ಹಲ್ಲು ಕೊಡಬೇಕು. ಡಾಕ್ಟರು ಗೆದ್ದವರಂತೆ ನನ್ನ ಕಡೆ ತಿರುಗಿ, "ನೋಡಿದೇನು? ಒಬ್ಬರೂ ಹೂಂ ಅನ್ನಲಿಲ್ಲ" ಅಂದರು.

ಮೂಲೆಯ ಬೆಂಚಿನಲ್ಲಿ ಒಬ್ಬ ರೈತ ಕೂತಿದ್ದ. ಆಚಾರ್ಯರಿಗಿಂತ ಮೊದಲು ಅವನದೊಂದು ದವಡೆಹಲ್ಲು ಕಿತ್ತು, ಹತ್ತಿ ಕಚ್ಚಿಸಿ, ನಾವು ಹೇಳುವವರೆಗೂ ಬಾಯಿ ತೆಗೆಯಬೇಡ ಅಂತ ಕೂರಿಸಿದ್ದೆವು. ಅವನು ಕೈಯೆತ್ತಿದ. ನಿಧಾನವಾಗಿ ಬಾಯೊಳಗೆ ಎರಡು ಬೆರಳು ಹಾಕಿ ರಕ್ತದ ಹತ್ತಿಯನ್ನು ಹೊರಗೆ ತೆಗೆದ.

"ಬಾಯಿ ತೆಗೀಬ್ಯಾಡ ಅಂದಿದ್ರಿ ಅಂತ ಸುಮ್ಮನಿದ್ದೆ ರೀ ಸಾರ್. ಬೈತೀರಿ. ನನ್ನ ಒಂದು ಹಲ್ಲು ಕೀಳೋದ್ರಾಗ ಏಳು ಸರ್ತಿ ಬೈದ್ರಿ, ನಾ ಎಣಿಸೀನಿ. ಬಾಯಿ ತಕ್ಕೊಂಡು ಮಕ್ಕೊಂಡವಗ ಕೇಳೋದು ಬಿಟ್ರ ಬ್ಯಾರೆ ಏನು ಕೆಲಸ ಇರ್ತೈತ್ರಿ?"

ಅಷ್ಟು ಹೇಳಿ, ಹತ್ತಿಯನ್ನು ಮತ್ತೆ ಬಾಯೊಳಗಿಟ್ಟು ಕಚ್ಚಿ ಹಿಡಿದ.